ಅಟ್ಟದಿಂದ ಇಳಿದ ಅಲಗು

ಹಳೇ ಮನೆ ಕೆಡವುವಾಗ, ಆಸ್ತಿ ಪಾಲಾಗುವಾಗ, ಇಲ್ಲವೇ ಮಾಡಿನ ಹೆಂಚು ಕೈಯಾಡಿಸುವಾಗ ಕತ್ತಿಗಳು ಸಿಗುತ್ತವೆ. ಯಾರದೋ ಪಂಚೆಯ ತುಂಡಿನಲ್ಲಿ ಸುತ್ತಿ, ತೊಲೆಯ ಸಂದಿಗೆ ಸಿಕ್ಕಿಸಿಟ್ಟಿರುತ್ತಾರೆ. ಬಟ್ಟೆ ಬಿಚ್ಚಿದರೆ ಒಳಗೆ ಕಂದುಬಣ್ಣದ ಉದ್ದನೆಯ ವಸ್ತು. ಹಿಡಿಯ ಹತ್ತಿರ ಜೇಡರಬಲೆ, ಮೊನೆಯ ಹತ್ತಿರ ಪುಡಿ ಉದುರುವ ತುಕ್ಕು. ಸಿಕ್ಕಿದವರ ಮನಸ್ಸಿಗೆ ಆ ಕ್ಷಣ ಬರುವ ಆಸೆ ಒಂದೇ, ಇದನ್ನು ಉಜ್ಜಿ ಫಳಫಳ ಹೊಳೆಯುವಂತೆ ಮಾಡಬೇಕು. ದಯವಿಟ್ಟು ಮಾಡಬೇಡಿ. ಕನಿಷ್ಠ ಈ ಬರಹ ಓದಿ ಮುಗಿಸುವ ತನಕವಾದರೂ ತಡೆಯಿರಿ.

ನಾನು ತಡೆಯಲಿಲ್ಲ. ಪಿಯುಸಿ ಓದುತ್ತಿದ್ದೆ, ಮಹಾನವಮಿಯ ಹಿಂದಿನ ದಿನ. ಅಜ್ಜನ ಕೋಣೆಯ ಗೂಟಕ್ಕೆ ತೂಗುಹಾಕಿದ್ದ ಕತ್ತಿಯನ್ನು ಹಿತ್ತಲಿಗೆ ಒಯ್ದು, ಹುಣಸೆಹಣ್ಣು ಮತ್ತು ಒಲೆಯ ಬೂದಿ ಹಾಕಿ, ತೆಂಗಿನ ನಾರಿನಿಂದ ಎರಡು ತಾಸು ತಿಕ್ಕಿದೆ. ಹಿತ್ತಾಳೆ ಚೊಂಬಿನಂತೆ ಬೆಳಗಿತು. ಅಜ್ಜನಿಗೆ ಆಗಲೇ ಕಣ್ಣು ಮಂಜು. ಕತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು, ಹಿಡಿಯ ಕೆಳಗೆ ನಾಲ್ಕು ಬೆರಳು ಜಾಗವನ್ನು ಹೆಬ್ಬೆರಳಿನಿಂದ ಸವರಿ, ಮತ್ತೆ ಸವರಿ, "ಹೊಳೀತು ಬಿಡು ಮಗಾ, ಆದ್ರೆ ಅಕ್ಷರ ಎಲ್ಲೋಯ್ತು?" ಎಂದರು. ಅಲ್ಲಿ ಚಿನ್ನದ ತಂತಿಯಲ್ಲಿ ಬರೆದ ಒಂದು ಸಾಲು ಇತ್ತಂತೆ. ತುಕ್ಕಿನ ಕೆಳಗೆ ಇದ್ದದ್ದರಿಂದ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅದು ಬೂದಿನೀರಿನ ಜೊತೆ ಹಿತ್ತಲ ಬಾಳೆಬುಡಕ್ಕೆ ಹೋಗಿತ್ತು. ಮುಂದೆ ರಸಾಯನಶಾಸ್ತ್ರದ ಮೇಷ್ಟ್ರಾಗಿ ಆಮ್ಲ, ಲೋಹ, ಉತ್ಕರ್ಷಣ ಎಂದು ಮೂವತ್ತು ವರ್ಷ ಪಾಠ ಮಾಡಿದೆ. ಆದರೆ ಆ ಪಾಠ ನನಗೆ ಆದದ್ದು ಹಿತ್ತಲಿನಲ್ಲೇ.

ಆದ್ದರಿಂದ ಹೊಸಬರಿಗೆ ನಾನು ಮೊದಲು ಹೇಳುವ ಮಾತು: ನೀವು ಕತ್ತಿಯನ್ನು ಹೊಸದು ಮಾಡಲು ಹೊರಟಿಲ್ಲ, ತುಕ್ಕು ಮುಂದುವರಿಯದಂತೆ ನಿಲ್ಲಿಸಲು ಹೊರಟಿದ್ದೀರಿ. ಎರಡೂ ಬೇರೆ ಬೇರೆ ಕೆಲಸ. ಎಣ್ಣೆ ಹಚ್ಚಿದ್ದು ತಪ್ಪಾದರೆ ನಾಳೆ ಒರೆಸಬಹುದು. ಲೋಹ ತೆಗೆದದ್ದು ತಪ್ಪಾದರೆ ಯಾವ ನಾಳೆಯೂ ಇಲ್ಲ.

ಮೊದಲ ದಿನ ಬರೀ ನೋಡಿ. ಕತ್ತಿಯ ಭಾಗಗಳಿಗೆ ನಮ್ಮಲ್ಲಿ ಚೆಂದದ ಹೆಸರುಗಳಿವೆ, ಅವನ್ನೇ ಬಳಸೋಣ. ಕಬ್ಬಿಣ ಅಥವಾ ಉಕ್ಕಿನ ಪಟ್ಟಿ ಅಲಗು. ಕತ್ತರಿಸುವ ಕಡೆ ಬಾಯಿ, ಅದರ ಎದುರು ಬದಿ ಬೆನ್ನು, ತುದಿ ಮೊನೆ. ಕೈಯಲ್ಲಿ ಹಿಡಿಯುವುದು ಹಿಡಿ, ಹೊದಿಕೆ ಒರೆ. ಬಯಲುಸೀಮೆಯ ಮನೆಗಳಲ್ಲಿ ಹೆಚ್ಚಾಗಿ ಸಿಗುವುದು ತಲವಾರ್ ಮಾದರಿ. ಅಲಗು ಬಾಗಿರುತ್ತದೆ, ಹಿಡಿಯ ತಲೆಯ ಮೇಲೆ ಪುಟ್ಟ ತಟ್ಟೆ ಕೂರಿಸಿದಂತಿರುತ್ತದೆ. ಕೊಡಗಿನಲ್ಲಾದರೆ ಎರಡು ಬಗೆ. ಬೆನ್ನ ಮೇಲಿನ ಕೊಂಡಿಯಾದ ತೊಡಂಗ್‌ಗೆ ಸಿಕ್ಕಿಸುವ, ಅಗಲವಾಗಿ ಬಾಗಿದ ಒಡಿಕತ್ತಿ ಒಂದು. ಕುಪ್ಯವೆಂಬ ಉದ್ದ ಅಂಗಿಯ ಮೇಲೆ ಕಟ್ಟಿದ ಚೇಲೆ ಎಂಬ ನಡುಪಟ್ಟಿಗೆ ಸಿಕ್ಕಿಸುವ, ಬೆಳ್ಳಿಯ ಒರೆಯ ಪುಟ್ಟ ಪೀಚೆಕತ್ತಿ ಇನ್ನೊಂದು. ಒಂದೊಂದರ ಕಷ್ಟವೂ ಬೇರೆ. ಒಡಿಕತ್ತಿಯಲ್ಲಿ ಅಗಲವಾದ ಬರಿಯ ಉಕ್ಕಿನದೇ ಚಿಂತೆ. ಪೀಚೆಕತ್ತಿಯಲ್ಲಿ ಉಕ್ಕು, ಬೆಳ್ಳಿ, ಕೆಲವೊಮ್ಮೆ ದಂತ, ಮೂರೂ ಒಟ್ಟಿಗೆ ಇರುತ್ತವೆ. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ.

ಒರೆಯಿಂದ ಕತ್ತಿ ಎಳೆಯುವುದಕ್ಕೂ ಒಂದು ಕ್ರಮವಿದೆ. ಒರೆಯನ್ನು ಮುಷ್ಟಿಯಲ್ಲಿ ಸುತ್ತಿ ಹಿಡಿಯಬೇಡಿ. ಹಳೆಯ ಒರೆ ಎಂದರೆ ಎರಡು ಮರದ ಚಕ್ಕೆಗಳನ್ನು ಅಂಟಿಸಿ, ಮೇಲೆ ಚರ್ಮವೋ ಮಕಮಲ್ಲೋ ಹೊದಿಸಿದ್ದು. ಅಂಟು ಸತ್ತಿರುತ್ತದೆ. ಎಳೆಯುವ ಭರದಲ್ಲಿ ಅಲಗಿನ ಬಾಯಿ ಆ ಸಂದಿಯಿಂದ ಹೊರಬಂದು ಬೆರಳನ್ನೇ ಕೊಯ್ಯುತ್ತದೆ. ಒರೆಯ ಬೆನ್ನಿನ ಕಡೆ ಮಾತ್ರ ಅಂಗೈ ಊರಿ, ಬೆರಳುಗಳನ್ನು ಬದಿಗಳಲ್ಲಿಟ್ಟು, ಅಲಗಿನ ಬೆನ್ನು ಒರೆಯ ಬೆನ್ನಿಗೆ ತಾಗಿಕೊಂಡು ಜಾರುವಂತೆ ನಿಧಾನ ಎಳೆಯಿರಿ. ಬರದಿದ್ದರೆ ಬಿಟ್ಟುಬಿಡಿ. ಒರೆಯ ಬಾಯಿಂದ ಎರಡು ಹನಿ ತೆಳು ಎಣ್ಣೆ ಬಿಟ್ಟು, ಮೊನೆ ಕೆಳಗಾಗಿ ನಿಲ್ಲಿಸಿ, ಎರಡು ದಿನ ಕಾದು ಮತ್ತೆ ಪ್ರಯತ್ನಿಸಿ. ಸುತ್ತಿಗೆಯಿಂದ ತಟ್ಟಿ ಬಿಡಿಸಿದ ಒರೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನೋಡಿದ್ದೆಲ್ಲ ಚಕ್ಕೆಗಳೇ.

ಬಿಚ್ಚಿದ ಮೇಲೆ ಕಿಟಕಿಯ ಬೆಳಕಿನಲ್ಲಿ ಎರಡೂ ಬದಿಗಳ ಫೋಟೊ ತೆಗೆಯಿರಿ. ಹಿಡಿಯ ಬುಡ, ಮೊನೆ, ತುಕ್ಕಿನ ಕಲೆಗಳು, ಅಕ್ಷರದಂತೆ ಕಾಣುವ ಏನಿದ್ದರೂ ಹತ್ತಿರದಿಂದ ತೆಗೆಯಿರಿ. ಉದ್ದ, ತೂಕ, ಯಾರ ಮನೆಯದು, ಎಲ್ಲಿ ಸಿಕ್ಕಿತು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಇದನ್ನು ಬಿಟ್ಟುಬಿಡುವವರೇ ಹೆಚ್ಚು. ಟಿಪ್ಪು ಸುಲ್ತಾನನ ಮಲಗುವ ಕೋಣೆಯದೆಂದು ದಾಖಲೆಯಿದ್ದ ಖಡ್ಗ 2023ರ ಮೇ ತಿಂಗಳಿನಲ್ಲಿ ಲಂಡನ್ನಿನ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು. ಬರೀ ಉಕ್ಕಿಗೆ ಆ ಬೆಲೆ ಯಾರೂ ಕೊಡುವುದಿಲ್ಲ. ನಿಮ್ಮ ಮನೆಯ ಕತ್ತಿಗೆ ಅಂಥ ಕಥೆ ಇಲ್ಲದಿರಬಹುದು, ಆದರೆ ಅಜ್ಜಿ ಹೇಳಿದ ಎರಡು ಸಾಲು ಇದ್ದರೂ ಬರೆಯಿರಿ.

ಈಗ ಉಕ್ಕಿನ ಮಾತು. ಇದು ನಮ್ಮದೇ ಮನೆಯ ಮಾತು ಕೂಡ. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವಿಜ್ಞಾನಿ ಲಂಡನ್ನಿನ ರಾಯಲ್ ಸೊಸೈಟಿಗೆ, ಬೊಂಬಾಯಿಯಿಂದ ಬಂದ ಒಂದು ವಿಚಿತ್ರ ಉಕ್ಕಿನ ಬಗ್ಗೆ ಪ್ರಬಂಧ ಬರೆದ. ಅದರಲ್ಲಿ ಬಳಸಿದ ಹೆಸರು ವೂಟ್ಜ್. ನಮ್ಮ 'ಉಕ್ಕು' ಎಂಬ ಮಾತೇ ಕಿವಿಯಿಂದ ಕಾಗದಕ್ಕೆ ಇಳಿಯುವಾಗ ಹೀಗೆ ತಿರುಚಿಕೊಂಡಿತು ಎಂಬುದು ಬಹಳಷ್ಟು ವಿದ್ವಾಂಸರ ಅಭಿಪ್ರಾಯ. ಮೈಕೆಲ್ ಫ್ಯಾರಡೆ ವಿದ್ಯುತ್ತಿನ ಕೆಲಸದಿಂದ ಹೆಸರಾಗುವ ಮುನ್ನ, 1819ರ ಹೊತ್ತಿಗೆ, ಈ ಉಕ್ಕನ್ನೇ ಮುಂದಿಟ್ಟುಕೊಂಡು ತಲೆ ಕೆಡಿಸಿಕೊಂಡಿದ್ದ. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅದನ್ನು ಮಾಡುವ ಕ್ರಮವನ್ನೇ ಬರೆದಿಟ್ಟಿದ್ದಾನೆ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಜೊತೆಗೆ ತಂಗಡಿಯ ಕಡ್ಡಿ, ಒಂದೆರಡು ಹಸಿರೆಲೆ. ಬಾಯಿ ಮುಚ್ಚಿ ಕುಲುಮೆಯಲ್ಲಿಟ್ಟು ಊದುವುದು. ಕಡ್ಡಿಯ ಇಂಗಾಲ ಕಬ್ಬಿಣಕ್ಕಿಳಿದು ಉಕ್ಕಾಗುತ್ತದೆ. ಹಿತ್ತಲ ಬೇಲಿಯ ತಂಗಡಿಗೆ ಇಷ್ಟು ದೊಡ್ಡ ಕೆಲಸವಿತ್ತೆಂದು ಪಾಠ ಮಾಡುವಾಗ ಹುಡುಗರು ನಂಬುತ್ತಲೇ ಇರಲಿಲ್ಲ.

ಈ ಕಥೆ ಹೇಳಲು ಕಾರಣವಿದೆ. ಹೀಗೆ ಮಾಡಿದ ಉಕ್ಕಿನಲ್ಲಿ ಇಂಗಾಲ ಬಹಳ, ಸುಮಾರು ಶೇ. 1.2ರಿಂದ 1.8. ಒಳ್ಳೆಯ ಕಮ್ಮಾರ ಅದನ್ನು ಹದವಾಗಿ ಬಡಿದರೆ ಇಂಗಾಲ ಹೆಚ್ಚಿರುವ ಗಟ್ಟಿ ಕಣಗಳು ಪಟ್ಟಿ ಪಟ್ಟಿಯಾಗಿ ಕೂರುತ್ತವೆ. ಅಲಗಿನ ಮೇಲೆ ನೀರಿನ ಸುಳಿಯಂಥ, ಮರದ ಗೆರೆಯಂಥ ಚಿತ್ತಾರ ಕಾಣುತ್ತದೆ. ಅದು ಕೆತ್ತಿದ್ದಲ್ಲ, ಉಕ್ಕಿನ ಒಡಲಲ್ಲೇ ಇರುವುದು. ಆದರೆ ಕಣ್ಣಿಗೆ ಕಾಣಬೇಕಾದರೆ ಮೇಲ್ಮೈಯನ್ನು ಹದವಾದ ದ್ರಾವಣದಿಂದ ಲಘುವಾಗಿ ಕೊರೆಸಿರಬೇಕು. ಮರಳುಕಾಗದ ತಾಗಿದ ಕೂಡಲೇ ಚಿತ್ತಾರ ಮಾಯ. ಮರಳಿ ತರಿಸುವುದು ನುರಿತವರ ಕೆಲಸ, ನಮ್ಮಂಥವರ ಅಡುಗೆಮನೆಯ ಕೆಲಸ ಅಲ್ಲ. ನಿಮ್ಮ ಕತ್ತಿಯಲ್ಲಿ ಚಿತ್ತಾರ ಇದೆಯೋ ಇಲ್ಲವೋ ಈಗ ಗೊತ್ತಿಲ್ಲ. ಗೊತ್ತಿಲ್ಲದಿರುವುದರಿಂದಲೇ ಇದೆ ಎಂದುಕೊಂಡು ಕೆಲಸ ಮಾಡಬೇಕು.

ತುಕ್ಕಿನಲ್ಲೂ ಎರಡು ಜಾತಿ. ಕಿತ್ತಳೆ, ಇಟ್ಟಿಗೆ ಬಣ್ಣದ, ಬೆರಳಿಗೆ ಪುಡಿಯಾಗಿ ಅಂಟುವ ಕೆಂಪು ತುಕ್ಕು ಜೀವಂತ. ಅದರ ರಂಧ್ರಗಳಲ್ಲಿ ನೀರು ಕೂತು ಒಳಗಿನ ಉಕ್ಕನ್ನು ತಿನ್ನುತ್ತಲೇ ಇರುತ್ತದೆ. ಕಬ್ಬಿಣ ತುಕ್ಕಾದಾಗ ಇದ್ದ ಜಾಗಕ್ಕಿಂತ ದುಪ್ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ, ಆದ್ದರಿಂದಲೇ ಚಕ್ಕೆಯಾಗಿ ಏಳುತ್ತದೆ. ಇನ್ನೊಂದು ಕಪ್ಪು, ಇಲ್ಲವೇ ಕಂದುಗಪ್ಪು ಪದರ. ನುಣುಪು, ಗಟ್ಟಿ, ಬಟ್ಟೆಗೆ ಅಂಟದು. ಅದು ವರ್ಷಗಳು ಕೂಡಿ ಕಟ್ಟಿದ ಹೊದಿಕೆ. ಉಕ್ಕಿಗೆ ತೊಂದರೆ ಕೊಡುವುದು ಕಡಿಮೆ, ಕಾಪಾಡುವುದೇ ಹೆಚ್ಚು. ಕೆಂಪನ್ನು ಕಳೆಯಬೇಕು, ಕಪ್ಪನ್ನು ಉಳಿಸಬೇಕು. ಇಷ್ಟನ್ನು ಕಣ್ಣಿಗೆ ಅಭ್ಯಾಸ ಮಾಡಿಸಿದರೆ ಅರ್ಧ ವಿದ್ಯೆ ಬಂದಂತೆ. ಕರಾವಳಿಯವರು ಮೂರನೆಯದೊಂದನ್ನು ಗಮನಿಸಬೇಕು. ತುಕ್ಕಿನ ಮೇಲೆ ಸಣ್ಣ ಸಣ್ಣ ಕಂದು ಹನಿಗಳು ಬೆವರಿನಂತೆ ಮೂಡುತ್ತಿದ್ದರೆ ಒಳಗೆ ಉಪ್ಪು ಇಳಿದಿದೆ ಎಂದರ್ಥ. ಅಂಥದ್ದನ್ನು ಮನೆಯಲ್ಲಿ ಮುಟ್ಟಬೇಡಿ. ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಘಟಕವಿದೆ, ಬೆಂಗಳೂರಿನಲ್ಲಿ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ. ಅಲ್ಲಿ ಕೇಳಿ.

ಇನ್ನು ನಮ್ಮ ಅಡುಗೆಮನೆಯ ಮದ್ದುಗಳು. ಹುಣಸೆ, ನಿಂಬೆ, ವಿನಿಗರ್ ಮೂರೂ ಆಮ್ಲ. ಕೆಂಪು ತುಕ್ಕನ್ನು ಕರಗಿಸುತ್ತವೆ ನಿಜ, ಆದರೆ ಕಪ್ಪು ಪದರವನ್ನೂ ಉಕ್ಕನ್ನೂ ಬಿಡುವುದಿಲ್ಲ. ತೊಳೆದ ಮೇಲೆ ಬೂದು ಬಣ್ಣದ ಮಂಕು ಉಳಿಯುತ್ತದೆ, ಮರುದಿನ ಹೊಸ ತುಕ್ಕು ಕಾಣುತ್ತದೆ. ಒಲೆಬೂದಿ, ಇಟ್ಟಿಗೆಪುಡಿ, ಪಾತ್ರೆ ಉಜ್ಜುವ ಹಸಿರು ನಾರು ಎಲ್ಲವೂ ಗೀರುತ್ತವೆ. ಹಿತ್ತಾಳೆ ಬೆಳಗುವ ಪಾಲಿಶಿನಲ್ಲೂ ಗೀರುವ ಪುಡಿಯಿರುತ್ತದೆ. ಕೊಬ್ಬರಿ ಎಣ್ಣೆ ಕಮಟಿ ಹುಳಿಯಾಗುತ್ತದೆ, ಆ ಹುಳಿಯೇ ಲೋಹಕ್ಕೆ ತಾಗುತ್ತದೆ. ಎಳ್ಳೆಣ್ಣೆ, ಹರಳೆಣ್ಣೆ ಹಚ್ಚಿಟ್ಟರೆ ದೂಳು ಸೇರಿ ಅಂಟುಅಂಟಾದ ಜಿಡ್ಡಾಗುತ್ತದೆ. ನಮ್ಮ ಹಿರಿಯರು ಹಚ್ಚುತ್ತಿದ್ದರಲ್ಲ ಎನ್ನುತ್ತೀರಿ. ಹೌದು, ಆದರೆ ಅವರು ಕತ್ತಿಯನ್ನು ಬಳಸುತ್ತಿದ್ದರು, ಮೇಲಿಂದ ಮೇಲೆ ಒರೆಸಿ ಹೊಸ ಎಣ್ಣೆ ಹಚ್ಚುತ್ತಿದ್ದರು. ನಾವು ಹಚ್ಚಿ, ಗೋಡೆಗೆ ಹಾಕಿ, ಮುಂದಿನ ದಸರೆಗೆ ನೋಡುವವರು. ನೀರನ್ನಂತೂ ಬಳಸಲೇಬೇಡಿ. ಬೋರ್‌ವೆಲ್ ನೀರಿನ ಉಪ್ಪು ತುಕ್ಕಿನ ರಂಧ್ರದಲ್ಲಿ ಕೂತರೆ ಹೊರಗೆ ತೆಗೆಯುವುದು ಕಷ್ಟ.

ಹಾಗಾದರೆ ಏನು ಬೇಕು? ದೊಡ್ಡ ಪಟ್ಟಿಯೇನಲ್ಲ. ಹೊಲಿಗೆ ಯಂತ್ರದ ಎಣ್ಣೆಯ ಒಂದು ಡಬ್ಬಿ. ಒಗೆದು ಗಂಜಿ ಕಳೆದ ಹಳೆ ಬಿಳಿ ಹತ್ತಿಬಟ್ಟೆ. ಹತ್ತಿ, ಬಿದಿರಿನ ಕಡ್ಡಿ. ಆಸ್ಪತ್ರೆಯಲ್ಲಿ ಹಾಕಿಕೊಳ್ಳುವ ನೀಲಿ ನೈಟ್ರೈಲ್ ಕೈಗವಸು. ಬರಿಗೈಯ ಬೆವರಿನ ಉಪ್ಪು ಸಾಕು, ಕೆಲವು ದಿನಗಳಲ್ಲೇ ನಿಮ್ಮ ಬೆರಳಚ್ಚು ಅಲಗಿನ ಮೇಲೆ ತುಕ್ಕಾಗಿ ಮೂಡುತ್ತದೆ. ಬಟ್ಟೆಯ ಗವಸು ಬೇಡ, ಜಾರುತ್ತದೆ. ಒಂದು ಭೂತಗನ್ನಡಿ. ಕೊನೆಯದಾಗಿ ನಾಲ್ಕು ಸೊನ್ನೆ ನಂಬರಿನ ಸ್ಟೀಲ್ ವುಲ್. ಇದು ಹತ್ತಿಯಷ್ಟು ನವಿರಾದ ಉಕ್ಕಿನ ಎಳೆ, ಅಡುಗೆಮನೆಯ ಸ್ಕ್ರಬ್ಬರ್ ಅಲ್ಲವೇ ಅಲ್ಲ. ಮರಗೆಲಸದ ಪಾಲಿಶ್ ಸಾಮಾನಿನ ಅಂಗಡಿಯಲ್ಲಿ ಕೇಳಿ. ಹೊಸಬರು ಇದನ್ನು ಪೆಟ್ಟಿಗೆಯ ತಳದಲ್ಲಿಟ್ಟು, ಬೇರೆಲ್ಲ ಸೋತ ಮೇಲೆ ತೆಗೆದರೆ ಸಾಕು.

ಮೇಜಿನ ಮೇಲೆ ದಪ್ಪ ಕಂಬಳಿ, ಅದರ ಮೇಲೆ ಬಿಳಿ ಬಟ್ಟೆ ಹಾಸಿ. ಅಲಗು ಉದ್ದಕ್ಕೂ ಮಲಗಿರಬೇಕು, ಮೊನೆ ಮೇಜಿನಾಚೆ ಚಾಚಿರಬಾರದು. ಮಕ್ಕಳನ್ನು ಹೊರಗೆ ಕಳಿಸಿ. ಒಣ ಮೆದು ಬ್ರಷ್‌ನಿಂದ ಮೊದಲು ದೂಳು ತೆಗೆಯಿರಿ, ಯಾಕೆಂದರೆ ದೂಳೂ ಮರಳೇ. ಆಮೇಲೆ ಬಾಯಿಯಿಂದ ದೂರ, ಹಿಡಿಯ ಹತ್ತಿರದಲ್ಲಲ್ಲದ, ಎಲ್ಲಿಯೂ ಗುರುತು ಅಕ್ಷರ ಇಲ್ಲದ ಒಂದು ರೂಪಾಯಿ ನಾಣ್ಯದಷ್ಟು ಜಾಗ ಆರಿಸಿ. ಮೊದಲ ಪರೀಕ್ಷೆ ಅಲ್ಲಿ ಮಾತ್ರ. ಎರಡು ಹನಿ ಎಣ್ಣೆ ಹಾಕಿ, ಒಂದು ಗಂಟೆ ಬಿಡಿ. ಹತ್ತಿಯಿಂದ ಒತ್ತಿ ಎತ್ತಿ, ತಿಕ್ಕಬೇಡಿ. ಹತ್ತಿಗೆ ಇಟ್ಟಿಗೆ ಬಣ್ಣ ಬಂದಿದ್ದರೆ ಕೆಂಪು ತುಕ್ಕು ಸಡಿಲವಾಗುತ್ತಿದೆ ಎಂದರ್ಥ. ಇಷ್ಟೇ ಕೆಲಸವನ್ನು ಇಡೀ ಅಲಗಿಗೆ ಮಾಡಿದರೆ ಆಯಿತು. ಆದರೆ ಒಂದೇ ದಿನದಲ್ಲಿ ಅಲ್ಲ.

ಸಂಜೆ ಅಲಗಿಗೆ ಎಣ್ಣೆ ಹಚ್ಚಿಡಿ, ಬೆಳಿಗ್ಗೆ ಒರೆಸಿ. ಹೀಗೆ ಮೂರು ನಾಲ್ಕು ದಿನ. ಒರೆಸುವಾಗ ಬಟ್ಟೆಯನ್ನು ಬೆನ್ನಿನ ಕಡೆಯಿಂದ ಮಡಿಸಿ ಹಿಡಿದು, ಹಿಡಿಯಿಂದ ಮೊನೆಯ ಕಡೆಗೆ ಒಂದೇ ದಿಕ್ಕಿನಲ್ಲಿ ಎಳೆಯಿರಿ, ಹಿಂದೆ ಮುಂದೆ ಆಡಿಸಬೇಡಿ. ಹೊರಟ ತುಕ್ಕಿನ ಪುಡಿಯೇ ಮರಳುಕಾಗದವಾಗುತ್ತದೆ, ಆದ್ದರಿಂದ ಒಮ್ಮೆ ಎಳೆದ ಬಟ್ಟೆಯ ಭಾಗವನ್ನು ಮತ್ತೆ ಬಳಸದೆ ಮಡಿಕೆ ತಿರುಗಿಸಿ. ನಾಲ್ಕನೆಯ ದಿನದ ಹೊತ್ತಿಗೆ ಮೆತ್ತಗಿನ ತುಕ್ಕೆಲ್ಲ ಹೋಗಿರುತ್ತದೆ. ಎದ್ದು ನಿಂತ ಚಕ್ಕೆಗಳು ಉಳಿದಿದ್ದರೆ ಬಿದಿರಿನ ಕಡ್ಡಿಯನ್ನು ಉಳಿಯಂತೆ ಓರೆಯಾಗಿ ಸೀಳಿ, ಎಣ್ಣೆಯಲ್ಲಿ ಅದ್ದಿ, ಭೂತಗನ್ನಡಿಯ ಕೆಳಗೆ ಚಕ್ಕೆಯ ಬುಡಕ್ಕೆ ಮೆಲ್ಲನೆ ತೂರಿಸಿ. ಬಿದಿರು ಉಕ್ಕಿಗಿಂತ ಮೆದು, ಆದ್ದರಿಂದ ಸೋಲುವುದು ಬಿದಿರೇ. ಸೋತ ಕಡ್ಡಿ ಎಸೆದು ಹೊಸದು ತೆಗೆದುಕೊಳ್ಳಿ. ಹಠ ಮಾಡುವ ಕೆಂಪು ಕಲೆಗಳಿಗೆ ಮಾತ್ರ ನಾಲ್ಕು ಸೊನ್ನೆಯ ಎಳೆಯನ್ನು ಬಟಾಣಿ ಕಾಳಿನಷ್ಟು ತೆಗೆದು, ಎಣ್ಣೆಯಲ್ಲಿ ನೆನೆಸಿ, ಬೆರಳ ತುದಿಯ ಭಾರವಷ್ಟೇ ಬೀಳುವಂತೆ ಸವರಬಹುದು. ಚಿನ್ನ ಬೆಳ್ಳಿಯ ಗೆರೆಯ ಹತ್ತಿರ, ಅಕ್ಷರದ ಹತ್ತಿರ ಅದೂ ಬೇಡ.

ಎಲ್ಲಿ ನಿಲ್ಲಿಸಬೇಕು ಎಂಬುದೇ ಎಲ್ಲರೂ ಕೇಳುವ ಪ್ರಶ್ನೆ. ಒಣ ಬಿಳಿ ಬಟ್ಟೆಯಿಂದ ಅಲಗನ್ನು ಒರೆಸಿ. ಬಟ್ಟೆಗೆ ಕೆಂಪು ಬರದಿದ್ದರೆ ಅಲ್ಲಿಗೆ ನಿಲ್ಲಿಸಿ, ಅಲಗು ಇನ್ನೂ ಕಪ್ಪಾಗಿ ಕಂಡರೂ ಸರಿ, ಅಲ್ಲಲ್ಲಿ ಸಿಡುಬಿನಂತೆ ಗುಳಿ ಇದ್ದರೂ ಸರಿ. ಆ ಗುಳಿಗಳ ತಳ ಹೊಳೆಯಬೇಕೆಂದರೆ ಸುತ್ತಲಿನ ಉಕ್ಕನ್ನೆಲ್ಲ ಅಷ್ಟೇ ಆಳಕ್ಕೆ ಸವೆಸಬೇಕು. ಸಾಣೆ ಹಿಡಿಯುವವರಿಗೆ ಕೊಟ್ಟರೆ ಹತ್ತು ನಿಮಿಷದಲ್ಲಿ ಸವೆಸಿಕೊಡುತ್ತಾರೆ, ಬಾಯಿಯನ್ನೂ ಹರಿತ ಮಾಡುತ್ತಾರೆ. ಅಲಗಿನ ಉದ್ದಕ್ಕೂ ಇದ್ದ ತೋಡು ಮಾಸುತ್ತದೆ, ಅಂಚಿನ ಗೆರೆಗಳು ದುಂಡಗಾಗುತ್ತವೆ, ಕತ್ತಿಗೆ ಹೊಸ ಪಾತ್ರೆಯ ಮುಖ ಬರುತ್ತದೆ. ಗೋಡೆಯ ಮೇಲಿರುವ ಕತ್ತಿಗೆ ಹರಿತ ಯಾಕೆ ಬೇಕು, ನನಗಂತೂ ಅರ್ಥವಾಗಿಲ್ಲ.

ಹಿಡಿಯ ವಿಷಯ ಬೇರೆ. ತಲವಾರಿನ ಅಲಗಿನ ಬಾಲವನ್ನು ಹಿಡಿಯೊಳಗೆ ಮೊಳೆ ಹೊಡೆದು ಕೂರಿಸಿರುವುದು ಅಪರೂಪ. ಕಾಯಿಸಿದ ಅರಗು, ರಾಳದಂಥದ್ದನ್ನು ತುಂಬಿ ಅಲಗನ್ನು ತೂರಿಸಿರುತ್ತಾರೆ. ಬಿಸಿ ತಾಗಿದರೆ ಅದು ಮೆತ್ತಗಾಗುತ್ತದೆ. ಸ್ಪಿರಿಟ್, ತಿನ್ನರ್ ತಾಗಿದರೆ ಕರಗುತ್ತದೆ. ಆದ್ದರಿಂದ ಬಿಸಿನೀರಿಗೆ ಅದ್ದುವುದು, ಬಿಸಿಲಿಗೆ ಒಣಗಿಸುವುದು, ಹೇರ್ ಡ್ರೈಯರ್ ಹಿಡಿಯುವುದು ಎಲ್ಲ ನಿಷಿದ್ಧ. ಹಿಡಿ ಅಲುಗಾಡುತ್ತಿದ್ದರೆ ಫೆವಿಕ್ವಿಕ್ ಸುರಿಯಬೇಡಿ, ಅಲುಗಾಡಲಿ ಬಿಡಿ. ಕಬ್ಬಿಣದ ಹಿಡಿಯ ಮೇಲೆ ಬೆಳ್ಳಿ ಚಿನ್ನದ ಹೂಬಳ್ಳಿ ಇದ್ದರೆ ಅದು ಕೋಫ್ತಗಾರಿ. ಕಬ್ಬಿಣವನ್ನು ಗೀರಿ ಒರಟು ಮಾಡಿ, ಕೂದಲಿನಂಥ ತಂತಿಯನ್ನು ಬಡಿದು ಅಂಟಿಸಿದ್ದು. ಕೆಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿದರೆ ತಂತಿ ಮೇಲೆದ್ದು ನಿಂತಿರುತ್ತದೆ. ಬಟ್ಟೆಯ ನೂಲು ಸಿಕ್ಕಿಕೊಂಡರೂ ಕಿತ್ತುಬರುತ್ತದೆ. ನನ್ನ ಅಜ್ಜನ ಕತ್ತಿಯ ಅಕ್ಷರಗಳು ಹೀಗೇ ಹೋದವು. ಹತ್ತಿಯ ತುದಿಗೆ ಎಣ್ಣೆಯ ಪಸೆ ಇಟ್ಟು ತಂತಿಯ ಪಕ್ಕ ತಾಗಿಸಿ ತೆಗೆಯುವುದಷ್ಟೇ ಅಲ್ಲಿ ನಮ್ಮ ಹಕ್ಕು.

ಬೀದರಿನ ಕಡೆಯವರು ಈ ಕೋಫ್ತಗಾರಿಯನ್ನು ಬಿದರಿ ಎಂದುಕೊಳ್ಳುವುದುಂಟು. ಬಿದರಿಯ ಮೈ ಸತುವಿನದು, ಕಪ್ಪು ಮಾಡಲು ಮಣ್ಣಿನ ಲೇಪ ಬಳಸುತ್ತಾರೆ. ಅದರ ಉಪಚಾರವೇ ಬೇರೆ, ಇಲ್ಲಿಗೆ ಎಳೆಯುವುದು ಬೇಡ.

ಪೀಚೆಕತ್ತಿಯ ದಂತದ ಹಿಡಿಗೆ ನೀರೂ ಬೇಡ, ಎಣ್ಣೆಯೂ ಬೇಡ. ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಸೀಳುತ್ತದೆ, ಎಣ್ಣೆ ಕುಡಿದರೆ ಹಳದಿಯಾಗುತ್ತದೆ. ಒಣ ಮೆದು ಬ್ರಷ್ ಸಾಕು. ಬೆಳ್ಳಿಯ ಒರೆಯ ಕಪ್ಪನ್ನು ಅಕ್ಕಸಾಲಿಗರ ದ್ರಾವಣದಲ್ಲಿ ಅದ್ದಿದರೆ ಚಿತ್ತಾರದ ಸಂದಿಗಳ ಕಪ್ಪೂ ಹೋಗಿ ಚಪ್ಪಟೆಯಾಗಿ ಕಾಣುತ್ತದೆ, ಜೊತೆಗೆ ಒಳಗಿನ ಮರ ನೆನೆದು ಅಲಗಿಗೆ ತುಕ್ಕು ಹಿಡಿಯುತ್ತದೆ. ಒಣ ಬಟ್ಟೆಯಿಂದ ಉಬ್ಬಿದ ಭಾಗ ಮಾತ್ರ ಒರೆಸಿ.

ಶುದ್ಧವಾದ ಅಲಗಿಗೆ ಈಗ ಹೊದಿಕೆ ಬೇಕು. ಮೊದಲು ಹಳೆಯ ಎಣ್ಣೆಯ ಪಸೆ ತೆಗೆಯಲು ಹತ್ತಿಗೆ ಸ್ವಲ್ಪ ಅಸಿಟೋನ್ ಮುಟ್ಟಿಸಿ ಒರೆಸಿ. ಕಿಟಕಿ ತೆರೆದಿರಲಿ, ಹತ್ತಿರ ದೀಪ ಒಲೆ ಇರಬಾರದು, ಹಿಡಿಗೆ ತಾಗಬಾರದು. ಆಮೇಲೆ ಎರಡು ದಾರಿ. ಗೋಡೆಯ ಮೇಲೆ, ಗಾಜಿನ ಪೆಟ್ಟಿಗೆಯಲ್ಲಿ ತೆರೆದಿಡುವ ಅಲಗಿಗೆ ಮೇಣ ಒಳ್ಳೆಯದು, ಯಾಕೆಂದರೆ ಎಣ್ಣೆ ದೂಳು ಹಿಡಿಯುತ್ತದೆ. ಸಂಗ್ರಹಾಲಯಗಳಲ್ಲಿ ಬಳಸುವುದು ಪೆಟ್ರೋಲಿಯಂ ಮೂಲದ ಮೈಕ್ರೊಕ್ರಿಸ್ಟಲೈನ್ ಮೇಣ. ಬ್ರಿಟಿಷ್ ಮ್ಯೂಸಿಯಂನ ಪ್ರಯೋಗಾಲಯದಲ್ಲಿ ಹುಟ್ಟಿದ ರೆನೈಸಾನ್ಸ್ ವ್ಯಾಕ್ಸ್ ಇದೇ ಜಾತಿ, ಆನ್‌ಲೈನಿನಲ್ಲಿ ಸಿಗುತ್ತದೆ. ಬೆಲೆ ಜಾಸ್ತಿ ಎನಿಸಿದರೂ ಒಂದು ಡಬ್ಬಿ ಎಷ್ಟೋ ವರ್ಷ ಬರುತ್ತದೆ. ಜೇನುಮೇಣದಲ್ಲಿ ಸ್ವಲ್ಪ ಆಮ್ಲದ ಅಂಶವಿದೆ, ಕಾರ್ ಪಾಲಿಶಿನಲ್ಲಿ ಗೀರುವ ಪುಡಿಯಿದ್ದೀತು, ಎರಡೂ ಬೇಡ. ಬಟ್ಟೆಯ ತುದಿಗೆ ಅಕ್ಕಿಕಾಳಿನಷ್ಟು ಮೇಣ, ಒಂದು ಗೇಣು ಜಾಗಕ್ಕೆ ತೆಳುವಾಗಿ ಹಚ್ಚಿ, ಐದು ನಿಮಿಷ ಬಿಟ್ಟು ಬೇರೆ ಬಟ್ಟೆಯಿಂದ ತೀಡಿ. ಒರೆಯೊಳಗೇ ಇಡುತ್ತೇನೆ ಎನ್ನುವವರಿಗೆ ಅದೇ ಹೊಲಿಗೆ ಯಂತ್ರದ ಎಣ್ಣೆ, ಹಚ್ಚಿ ಒರೆಸಿದ ಮೇಲೆ ಉಳಿಯುವ ಪಸೆಯಷ್ಟು. ಜಪಾನಿನವರು ತಮ್ಮ ಕತ್ತಿಗೆ ಲವಂಗದ ಪರಿಮಳ ಕಟ್ಟಿದ ತೆಳು ಎಣ್ಣೆ ಹಚ್ಚುತ್ತಾರೆ. ಚೆಂದವೇ, ಆದರೆ ಅವರು ಜೊತೆಗೆ ಬಳಸುವ ಕಲ್ಲುಪುಡಿಯ ಪುಟ್ಟ ಚೆಂಡನ್ನು ನಮ್ಮ ಕತ್ತಿಗಳ ಮೇಲೆ ಬಡಿಯಬೇಡಿ, ಅದು ಸಾಣೆಯ ಪುಡಿ.

ಒರೆಯ ಬಗ್ಗೆ ನನ್ನದು ಖಚಿತ ಅಭಿಪ್ರಾಯ: ಚರ್ಮದ ಒರೆ ಇದ್ದರೆ ಅಲಗನ್ನು ಹೊರಗಿಡಿ, ಎರಡನ್ನೂ ಪಕ್ಕಪಕ್ಕ ತೋರಿಸಿ. ಚರ್ಮ ಹದ ಮಾಡಿದ ಒಗರು, ಉಪ್ಪು ಅದರಲ್ಲೇ ಉಳಿದಿರುತ್ತದೆ, ಮಳೆಗಾಲದಲ್ಲಿ ತೇವ ಹೀರುತ್ತದೆ. ಅಳಲೆಕಾಯಿಯ ಒಗರಿಗೆ ಕಬ್ಬಿಣ ಸೇರಿಸಿ ನಮ್ಮವರು ಶಾಯಿ ಮಾಡುತ್ತಿದ್ದದ್ದು ನೆನಪಿರಲಿ, ಒರೆಯೊಳಗೆ ನಡೆಯುವುದೂ ಅದೇ ವ್ಯವಹಾರ. ಸುದ್ದಿಪತ್ರಿಕೆ, ರಟ್ಟಿನ ಪೆಟ್ಟಿಗೆಯ ಕಾಗದದಲ್ಲೂ ಆಮ್ಲವಿದೆ, ಸುತ್ತಿಡಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಒಳಗಿನ ತೇವ ಅಲ್ಲೇ ಬೆವರುತ್ತದೆ.

ಗೋಡೆ ಆರಿಸುವಾಗ ಹೊರಗೋಡೆ ಬೇಡ, ಮಳೆಯ ತೇವ ಹೀರುತ್ತದೆ. ಬಚ್ಚಲಿನ ಪಕ್ಕದ್ದು, ಅಡುಗೆಮನೆಯದ್ದು ಬೇಡ. ದೇವರಕೋಣೆಯಲ್ಲಿ ದೀಪದ ಮಸಿ ಮತ್ತು ಎಣ್ಣೆಯ ಆವಿ. ಗೂಟ ಕಬ್ಬಿಣದ್ದಾದರೆ ಮೇಲೆ ಹತ್ತಿಬಟ್ಟೆ ಸುತ್ತಿ, ಉಣ್ಣೆ ಬೇಡ, ಅದರಿಂದ ಗಂಧಕದ ಆವಿ ಬಂದು ಬೆಳ್ಳಿ ಕಪ್ಪಾಗುತ್ತದೆ. ಕತ್ತಿಯ ಭಾರ ಒಂದೇ ಮೊಳೆಯ ಮೇಲೆ ಬೀಳದೆ ಎರಡು ಕಡೆ ಹಂಚಿರಬೇಕು. ಗಾಜಿನ ಪೆಟ್ಟಿಗೆ ಮಾಡಿಸುವವರು ಒಳಗೆ ಒಂದು ಚಿಕ್ಕ ಆರ್ದ್ರತೆ ಮಾಪಕ ಇಡಿ. ಮುಳ್ಳು ಶೇ. 50ರ ಒಳಗಿದ್ದರೆ ನಿಶ್ಚಿಂತೆ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ ಮಡಿಕೇರಿಯಂಥ ಊರಲ್ಲಿ ಜುಲೈನಲ್ಲಿ ಅದು ಕನಸು. ಅಲ್ಲಿ ಸಿಲಿಕಾ ಜೆಲ್ ಬೇಕೇ ಬೇಕು. ಕಿತ್ತಳೆಯಿಂದ ಹಸಿರಿಗೆ ತಿರುಗುವ ಬಗೆ ತನ್ನಿ. ಹಸಿರಾದಾಗ ಓವನ್‌ನಲ್ಲಿ 110–120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಮೂರು ತಾಸು ಕಾಯಿಸಿದರೆ ಮತ್ತೆ ಕಿತ್ತಳೆಯಾಗುತ್ತದೆ. ಮಣಿಗಳು ಅಲಗಿಗೆ ತಾಗದಂತೆ ಬಟ್ಟೆಯ ಚೀಲದಲ್ಲಿರಲಿ.

ಇನ್ನು ಆಯುಧಪೂಜೆ. ಮೇಷ್ಟ್ರು ಪೂಜೆ ಬೇಡ ಎನ್ನುತ್ತಾರೆ ಎಂದು ಒಬ್ಬ ತಾಯಿ ನನ್ನ ಮೇಲೆ ಮುನಿಸಿಕೊಂಡಿದ್ದರು. ನಾನು ಹಾಗೆ ಹೇಳುವುದಿಲ್ಲ. ನೆನೆಸಿದ ಕುಂಕುಮ, ಗಂಧ, ನಿಂಬೆಹೋಳು, ತೀರ್ಥದ ಹನಿ ನೇರ ಉಕ್ಕಿನ ಮೇಲೆ ಬೀಳುವುದು ಬೇಡ ಎನ್ನುತ್ತೇನೆ, ಅಷ್ಟೇ. ನಿಂಬೆಹಣ್ಣನ್ನು ಮೊನೆಗೆ ಚುಚ್ಚಿ ರಾತ್ರಿಯಿಡೀ ಬಿಟ್ಟ ಕತ್ತಿಯ ಮೊನೆ ಬೆಳಿಗ್ಗೆ ಹೇಗೆ ಕಪ್ಪುನೀಲಿಯಾಗಿರುತ್ತದೆ ನೋಡಿದ್ದೀರಾ? ತಟ್ಟೆಯಲ್ಲಿ ರೇಷ್ಮೆ ವಸ್ತ್ರ ಹಾಸಿ ಕತ್ತಿಯನ್ನಿಟ್ಟು, ಕುಂಕುಮ ಅರಿಶಿನವನ್ನು ತಟ್ಟೆಯ ಅಂಚಿಗೆ ಹಚ್ಚಿ, ನಿಂಬೆಹಣ್ಣನ್ನು ಪಕ್ಕದಲ್ಲಿಡಿ. ಹೂವು ವಸ್ತ್ರದ ಮೇಲಿರಲಿ. ಕೊಡಗಿನವರು ಸೆಪ್ಟೆಂಬರ್ ಮೊದಲ ವಾರದ ಆಯುಧಹಬ್ಬ ಕೈಲ್‌ಪೊಳ್ದ್‌ನಲ್ಲಿ ಕೋವಿ ಕತ್ತಿಗಳಿಗೆ ತೋಕ್‌ಪೂ ಇಡುತ್ತಾರಲ್ಲ, ಹಸಿ ಹೂವಿನ ನೀರೂ ನೀರೇ. ಸಂಜೆಯೊಳಗೆ ತೆಗೆದು, ಅಲಗು ಒರೆಸಿ, ಮೇಣ ಇಲ್ಲವೇ ಎಣ್ಣೆ ಹೊಸದಾಗಿ ಹಚ್ಚಿ ಮಲಗಿಸಿ. ಒಮ್ಮೆ ಹೇಳಿಕೊಟ್ಟರೆ ಮನೆಯ ಹಿರಿಯರು ನಮಗಿಂತ ಅಚ್ಚುಕಟ್ಟಾಗಿ ಪಾಲಿಸುತ್ತಾರೆ. ಆ ತಾಯಿ ಈಗ ಒರೆಸುವ ಬಟ್ಟೆಗೂ ಕುಂಕುಮ ಇಡುತ್ತಾರೆ.

ಕಾನೂನಿನ ಎರಡು ಮಾತು. ಮನೆಬಳಕೆ, ಬೇಸಾಯದಂಥ ಕೆಲಸದ್ದಲ್ಲದ, 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗು 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯೊಳಗೆ ಬರುತ್ತದೆ. ಪರವಾನಗಿ ಬೇಕೇ ಬೇಡವೇ ಎಂಬುದು ನಿಮ್ಮ ಪ್ರದೇಶಕ್ಕೆ ಅಧಿಸೂಚನೆ ಇದೆಯೇ ಎಂಬುದರ ಮೇಲೆ ನಿಂತಿದೆ, ಆದ್ದರಿಂದ ನಿಮ್ಮ ಠಾಣೆಯಲ್ಲಿ ವಿಚಾರಿಸಿ ತಿಳಿದುಕೊಳ್ಳಿ. ಕೊಡಗಿನವರಿಗೆ ಇರುವ ಪ್ರಸಿದ್ಧ ವಿನಾಯಿತಿ ಕೋವಿಯ ಮಾತು, ಅದನ್ನು ಇಲ್ಲಿಗೆ ತಂದು ಗೊಂದಲ ಮಾಡಿಕೊಳ್ಳಬೇಡಿ. ನೂರು ವರ್ಷ ದಾಟಿದ ವಸ್ತು 1972ರ ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು. ಅಮೆರಿಕದ ಮಗನ ಮನೆಯ ಗೋಡೆಗೆಂದು ಸೂಟ್‌ಕೇಸಿನಲ್ಲಿಟ್ಟು ಕಳಿಸುವಂತಿಲ್ಲ. ದಂತದ ಹಿಡಿ ಇದ್ದರೆ ವನ್ಯಜೀವಿ ಕಾಯ್ದೆಯೂ ಸೇರುತ್ತದೆ, ಮಾರುವ ಮಾತೇ ಇಲ್ಲ.

ಇಷ್ಟಾದ ಮೇಲೆ ಕತ್ತಿಗೆ ನಿಮ್ಮಿಂದ ಬೇಕಾದದ್ದು ವರ್ಷಕ್ಕೆ ಎರಡು ಬಾರಿ ಅರ್ಧ ಗಂಟೆ. ಮುಂಗಾರಿಗೆ ಮುನ್ನ ಮೇ ಕೊನೆಯಲ್ಲಿ ಮೇಣ ನೋಡಿ, ಮಳೆ ಹಿಂದೆ ಸರಿದ ಮೇಲೆ ದಸರೆಯ ಹೊತ್ತಿಗೆ ಬಿಳಿ ಬಟ್ಟೆಯ ಪರೀಕ್ಷೆ ಮಾಡಿ. ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ, ಬಟ್ಟೆ ಬಿಳಿಯಾಗಿ ಬಂತೋ ಕೆಂಪಾಗಿ ಬಂತೋ ಅಷ್ಟು ಬರೆಯಿರಿ. ಅಜ್ಜನ ಕತ್ತಿ ಈಗ ನನ್ನ ಓದುವ ಕೋಣೆಯ ಒಳಗೋಡೆಯ ಮೇಲಿದೆ. ಹಿಡಿಯ ಕೆಳಗಿನ ಆ ನಾಲ್ಕು ಬೆರಳು ಜಾಗ ಮಾತ್ರ ಉಳಿದ ಅಲಗಿಗಿಂತ ಬೆಳ್ಳಗಿದೆ. ಓರೆ ಬೆಳಕಿನಲ್ಲಿ ಟಾರ್ಚ್ ಹಿಡಿದರೆ ತಂತಿ ಕೂರಿಸಲು ಗೀರಿದ ಒರಟು ಗೆರೆಗಳು ಕಾಣುತ್ತವೆ, ಎರಡು ಅಕ್ಷರಗಳ ತಿರುವೂ ಕಾಣುತ್ತದೆ. ಮೂರನೆಯದು ಓದಲಾಗುವುದಿಲ್ಲ.